ಮಾವ ಹಿಡಿಯದ ಕಂಬಿ

ನಮ್ಮ ಸೋದರಮಾವ ಯಾರ ಮನೆಗೆ ಹೋದರೂ ಮೊದಲು ಕೇಳುವುದು ಬಚ್ಚಲುಮನೆ ಎಲ್ಲಿ ಅಂತ! ಕಾಫಿ ಆಮೇಲೆ, ಯೋಗಕ್ಷೇಮ ಆಮೇಲೆ. ಪಾಪ, ವಯಸ್ಸಾದವರು, ಸಕ್ಕರೆ ಕಾಯಿಲೆ ಇರಬೇಕು ಅಂತ ಮನೆಯವರು ಗಾಬರಿಯಿಂದ ದಾರಿ ಬಿಡುತ್ತಾರೆ. ಇವನೋ ಒಳಗೆ ಹೋಗಿ ಗೋಡೆಯನ್ನು ಟಕಟಕ ಬಡಿಯುತ್ತಾನೆ, ಅಂಗಾಲಿನಲ್ಲಿ ನೆಲ ಉಜ್ಜಿ ನೋಡುತ್ತಾನೆ, ಈಚೆ ಬಂದು ತೀರ್ಪು ಕೊಡುತ್ತಾನೆ: "ಗ್ವಾಡ ಗಟ್ಟಿ ಅದ. ನೆಲ ಪಾಚಿ. ನಿಮ್ಮವ್ವ ಬೀಳೋದು ಗ್ಯಾರಂಟಿ!" ಹೀಗೂ ಉಂಟೇ? ನಮ್ಮ ಅಣ್ಣನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲೂ ಇದನ್ನೇ ಮಾಡಿದ. ನೋಡಲು ಹೋದದ್ದು ಹುಡುಗಿಯನ್ನು, ನೋಡಿಕೊಂಡು ಬಂದದ್ದು ಬಚ್ಚಲನ್ನು! ಸಂಬಂಧ ಕುದುರಲಿಲ್ಲ. ಆದರೆ ಆ ಮನೆಯ ಅಜ್ಜಿಗೆ ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಮಾತ್ರ ಬಂತು.

ತಮಾಷೆ ಏನಪ್ಪಾ ಅಂದರೆ, ಗುಂಡ್ಲುಪೇಟೆಯ ಅರ್ಧ ಬಚ್ಚಲುಗಳಿಗೆ "ಇಡ್ಕಳಿ, ಇಡ್ಕಳಿ" ಅಂತ ಕಂಬಿ ಹಾಕಿಸಿದ ಈ ಪುಣ್ಯಾತ್ಮ ತಾನು ಮಾತ್ರ ಯಾವ ಕಂಬಿಯನ್ನೂ ಹಿಡಿದವನಲ್ಲ! ಗುಂಡ್ಲುಪೇಟೆ–ಚಾಮರಾಜನಗರ ರೂಟಿನಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ಬಸ್ಸು ಗುಂಡಿಗೆ ಇಳಿದು ಎದ್ದಾಗ ಜನ, ಅರಿಸಿನದ ಮೂಟೆ, ಕೋಳಿ ಎಲ್ಲ ಒಂದರ ಮೇಲೊಂದು ಉರುಳಿದರೂ ಮಾವ ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದು ಕೈಯಲ್ಲಿ ಚಿಲ್ಲರೆ ಹಿಡಿದು ನೆಟ್ಟಗೆ ನಿಂತಿರುತ್ತಿದ್ದ. ಕೇಳಿದರೆ ಮೀಸೆ ತಿರುವುತ್ತಿದ್ದ. "ಕಂಡಕ್ಟ್ರು ಕಂಬಿ ಇಡ್ಕಂಡ ಅಂದ್ರ ಅವತ್ತೇ ಅವ್ನ ಕತ ಮುಗೀತು ಕಣಮ್ಮಿ!"

ಈ ಬಚ್ಚಲಿನ ಹುಚ್ಚು ಶುರುವಾದಾಗ ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಮಾವ ರಿಟೈರಾದ ವರ್ಷವೇ ಅತ್ತೆಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಹೋದವು. ಆಸ್ಪತ್ರೆ, ಎಣ್ಣೆ, ನೀವಿಸೋದು ಎಲ್ಲ ಆಗಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟಾದಳು. ಬಲಗೈ ಗಟ್ಟಿಯಿತ್ತು, ಬಾಯಂತೂ ಇನ್ನೂ ಗಟ್ಟಿಯಿತ್ತು. ಆಗಷ್ಟೇ ನನಗೆ ಬೇಗೂರಿನ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿ, ಗುಂಡ್ಲುಪೇಟೆಯ ಅವರ ಮನೆಯಲ್ಲೇ ಇದ್ದೆ. ದಿನಾ ಬೆಳಿಗ್ಗೆ ಅತ್ತೆಗೆ ನೀರು ಹುಯ್ದು, ಆಮೇಲೆ ನಾನು ಬಸ್ಸಿಗೆ ಓಡಬೇಕು. ದಿನವಿಡೀ ವಟಗುಟ್ಟುವ ಅತ್ತೆ ಬಚ್ಚಲಿಗೆ ಹೋದ ತಕ್ಷಣ ಕಣ್ಣು ಮುಚ್ಚಿ ಮೂಕಿಯಾಗಿಬಿಡುತ್ತಿದ್ದಳು. ನಾನು ಬಸ್ಸಿನ ಚಿಂತೆಯಲ್ಲಿ ದಡಬಡ ನೀರು ಸುರಿಯುತ್ತಿದ್ದೆ. ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ.

ಒಂದು ದಿನ ಕಣ್ಣು ಮುಚ್ಚಿಕೊಂಡೇ ಅಂದಳು: "ನನ್ಗ ಬಂಗಾರ ಬ್ಯಾಡ ಕಣಮ್ಮಿ, ಸೀರ ಬ್ಯಾಡ. ಒಂದು ದಿವ್ಸ, ಒಂದೇ ಒಂದು ದಿವ್ಸ ಚಿಲ್ಕ ಹಾಕ್ಕಂಡು ನಾನೇ ನೀರುಯ್ಕಬೇಕು. ಯಾರೂ ನೋಡ್ಬಾರ್ದು. ಅಷ್ಟೇಯ."

ಆ ಬಾಗಿಲಿಗೆ ಆಗ ಚಿಲಕವೇ ಇರಲಿಲ್ಲ! ನಾಲ್ಕು ಮೊಳೆ ತೂತು ಮಾತ್ರ ಇದ್ದವು. "ಎಲ್ಲೋ ಕಳ್ಚಿ ಬಿದ್ದೋಗದ" ಅಂತ ಮಾವ ಹೇಳಿದ್ದ, ನಾನೂ ಅಷ್ಟಕ್ಕೇ ಬಿಟ್ಟಿದ್ದೆ. ಆ ಹೊತ್ತಿಗೆ ಮಾವ ಗೋಡೆಯ ಆಚೆ ಕೂತು ನೀರೊಲೆಗೆ ಸೌದೆ ತುರುಕುತ್ತಿದ್ದ. ಅಲ್ಲಿಂದಲೇ ಕೂಗಿದ: "ನೀರು ತುಂಬೋ ಹಬ್ಬಕ್ಕ ನೀನೇ ನೀರುಯ್ಕತೀಯ! ಗೋಪಾಲಸ್ವಾಮಿ ಆಣ!" ದೀಪಾವಳಿಗೆ ಇನ್ನೂ ನಾಲ್ಕು ತಿಂಗಳಿತ್ತು. ಬೆಟ್ಟದ ದೇವರ ಮೇಲೆ ಆಣೆ ಇಟ್ಟಾಗಿತ್ತು.

ಮಾರನೆಯ ದಿನವೇ ಚಾಮರಾಜನಗರದ ಗುಜರಿ ಅಂಗಡಿಗೆ ಹೋಗಿ, ಮುರಿದು ಹಾಕಿದ ಬಸ್ಸಿನ ಕಂಬಿಗಳನ್ನು ಬಸ್ಸಿನ ಮೇಲೆಯೇ ಹಾಕಿಸಿಕೊಂಡು ಬಂದ. ಏನು ಸಂಭ್ರಮ, ಏನು ಸಡಗರ! ತವರಿನಿಂದ ಹೆಣ್ಣು ಕರೆತಂದ ಹಾಗೆ ಕಂಬಿಗೆ ಅರಿಸಿನ ಕುಂಕುಮ ಬೇರೆ! ಸಂಜೆಯೊಳಗೆ ಬಚ್ಚಲಿಗೆ ಹಾಕಿಯೇಬಿಟ್ಟ. ಅಳತೆ? ಅಳತೆ ಯಾಕೆ ಬೇಕು? ಸರ್ವೀಸ್ ಪೂರ್ತಿ ಕಂಬಿಯನ್ನು ಎಲ್ಲಿ ನೋಡಿದ್ದನೋ ಅಲ್ಲೇ ಹಾಕಿದ. ತಲೆಯ ಮೇಲೆ!

ನಾಲ್ಕೂವರೆ ಅಡಿಯ ಅತ್ತೆ ಬಾಗಿಲಲ್ಲಿ ನಿಂತು ಕತ್ತೆತ್ತಿ ನೋಡಿದಳು. "ಚೆನ್ನಾಗದ. ಇದ ಇಡ್ಕಬೇಕು ಅಂದ್ರ ಮೊದ್ಲು ನನ್ನ ಯಾರಾರ ಎತ್ತಿ ನೇತಾಕ್ಬೇಕು!"

ಆಗ ಮಾವನಿಗೆ ಬುದ್ಧಿ ಬಂತು. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಮಸಿ ಬಳಿದು, "ಈಗ ಏಳು" ಅಂದ. ಏಳುವಾಗ ಅವಳ ಕೈ ತಾನಾಗಿ ಗೋಡೆಯ ಮೇಲೆ ಎಲ್ಲಿಗೆ ಹೋಯಿತೋ ಅಲ್ಲೊಂದು ಕರಿ ಪಂಜ ಮೂಡಿತು. ಕೂರುವಾಗ ಒಂದು, ತಿರುಗುವಾಗ ಒಂದು. ಒಂದು ವಾರ ಇದೇ ಕೆಲಸ. ನಮ್ಮ ಬಚ್ಚಲು ಯಾವುದೋ ಭೂತ ಹೊಕ್ಕ ಮನೆಯ ಹಾಗೆ ಕಾಣುತ್ತಿತ್ತು! ಆದರೆ ಕಂಬಿ ಎಲ್ಲಿರಬೇಕು ಅನ್ನುವುದು ಆ ಪಂಜಗಳಿಂದಲೇ ಗೊತ್ತಾಯಿತು.

ಇನ್ನು ಗೋಡೆಯ ಕತೆ. ಅದು ಮಣ್ಣಿನ ಗೋಡೆ. ಮಾವ ಕಂಬಿ ಹಾಕಿ, ಜೋರಾಗಿ ಜಗ್ಗಿ ತೋರಿಸಿದ. ಕಂಬಿಯ ಜೊತೆಗೆ ಅರ್ಧ ಬುಟ್ಟಿ ಗೋಡೆಯೂ ಕೈಗೆ ಬಂತು! ಸುಮ್ಮನಾಗುವ ಆಸಾಮಿಯೇ? ವೆಲ್ಡಿಂಗ್ ಅಂಗಡಿಯಲ್ಲಿ ಮೊಳದುದ್ದದ ಬೋಲ್ಟು ಮಾಡಿಸಿ, ಗೋಡೆಯನ್ನು ಈ ಕಡೆಯಿಂದ ಆ ಕಡೆಗೆ ತೂತು ಹೊಡೆದು, ಆಚೆಯ ಓಣಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿದ. ಈಗ ಆನೆ ಜಗ್ಗಿದರೂ ಬರುವುದಿಲ್ಲ. ಬಂಡೀಪುರ ಪಕ್ಕದಲ್ಲೇ ಇರುವವರು ನಾವು, ಆನೆಯ ಮಾತನ್ನು ಸುಮ್ಮಸುಮ್ಮನೆ ಆಡುವುದಿಲ್ಲ!

ಆದರೆ ಓಣಿಯ ಜನಕ್ಕೆ ಗೋಡೆಯಿಂದ ಈಚೆಗೆ ಬಂದಿರುವ ಬೋಲ್ಟು ಕಂಡರೆ ಸುಮ್ಮನಿರುತ್ತಾರೆಯೇ? ಹಿಂದಿನ ಮನೆಯವರು ಕರುವನ್ನು ತಂದು ಅದಕ್ಕೇ ಕಟ್ಟಿದರು. ನಾನು ಅತ್ತೆಯನ್ನು ಕರೆದುಕೊಂಡು ಹೋಗಿ ಕಂಬಿ ಹಿಡಿಸಿದೆ, ಆಚೆ ಕರು ತನ್ನವ್ವನನ್ನು ನೋಡಿ ಹಗ್ಗ ಜಗ್ಗಿತು, ಈಚೆ ಕಂಬಿ ಗಡಗಡ ನಡುಗಿತು! ಅತ್ತೆ ಕಿಟಾರನೆ ಕಿರುಚಿದಳು: "ಅಯ್ಯಯ್ಯೋ, ಹೋಲ್ಡಾನ್! ಬಸ್ಸು ಹೊರಟೋಯ್ತು!" ಲಕ್ವ ಹೊಡೆದ ಮೇಲೆ ಅವಳು ಬಚ್ಚಲಿನಲ್ಲಿ ಬಿದ್ದು ಬಿದ್ದು ನಕ್ಕದ್ದು ಅವತ್ತೇ ಮೊದಲು.

ಮುಂದಿನದು ಸೀಟು. ಸ್ಟೂಲು ಜಾರುತ್ತದೆ ಅಂತ ಅದೇ ಗುಜರಿಯಿಂದ ಇಬ್ಬರು ಕೂರುವ ಬಸ್ ಸೀಟಿನ ಕಬ್ಬಿಣದ ಚೌಕಟ್ಟು ತಂದು, ಹಲಗೆ ಬಡಿದು, ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿದ. ಗಟ್ಟಿ ಅಂದರೆ ಗಟ್ಟಿ! ಆದರೆ ಸೀಟಿನ ಜೊತೆಗೆ ಬಂದಿದ್ದ ತಗಡಿನ ಬೋರ್ಡನ್ನೂ ಬಿಡದೆ ಮೇಲೆ ಮೊಳೆ ಹೊಡೆದಿದ್ದ: ಮಹಿಳೆಯರಿಗೆ ಮಾತ್ರ. ಆ ವಾರ ನಮ್ಮ ಅಪ್ಪ ನನ್ನನ್ನು ನೋಡಲು ಬಂದಿದ್ದರು. ಮಡಿವಂತ ಮನುಷ್ಯ. ಸ್ನಾನಕ್ಕೆ ಹೋದವರು ಬೋರ್ಡು ಓದಿಕೊಂಡು, ಕೂರಲೂ ಆರದೆ ನಿಲ್ಲಲೂ ಆರದೆ ಒಳಗೇ ಕೆಮ್ಮುತ್ತಿದ್ದರು. ಹೊರಗಿನಿಂದ ಮಾವ ಕೂಗಿದ:

"ಬಾವ, ಯಾವ ಹೆಂಗ್ಸೂ ಹತ್ತಿಲ್ಲ. ಸದ್ಯಕ್ಕ ಕುಂತ್ಕಳಿ!"

ಚಪ್ಪಡಿ ನೆಲ ಜಾರುತ್ತಿತ್ತಲ್ಲ, ಅದಕ್ಕೂ ಔಷಧಿ ಕಂಡುಹಿಡಿದ. ಬೀದಿಯಲ್ಲಿ "ಒಳ್ಕಲ್ಲು ಕುಟ್ಟಿಸ್ತೀರಾ" ಅಂತ ಕೂಗಿಕೊಂಡು ಬಂದ ಕಲ್ಲುಕುಟ್ಟುವ ಹೆಂಗಸನ್ನು ಕರೆದು ಸೀದಾ ಬಚ್ಚಲು ತೋರಿಸಿದ! ಪಾಪ, ಆಯಮ್ಮ ತನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಒಳಕಲ್ಲು ನೋಡಿರಲಿಲ್ಲ. ಎರಡು ದಿನ ಕೂತು ಉಳಿಯಲ್ಲಿ ನೆಲಕ್ಕೆಲ್ಲ ಚುಕ್ಕೆ ಹೊಡೆದುಕೊಟ್ಟಳು. ಕಾಲು ಜಾರುವುದಿರಲಿ, ಬಿದ್ದ ಸೋಪೂ ಜಾರುತ್ತಿರಲಿಲ್ಲ! ಪಕ್ಕದ ಮನೆಯಾಕೆ ಬಗ್ಗಿ ನೋಡಿ, "ಹಬ್ಬಕ್ಕ ಉದ್ದಿನಬೇಳ ಇಲ್ಲೇ ರುಬ್ಕಂಡೋಗ್ಲಾ?" ಅಂತ ಕೇಳಿಯೇಬಿಟ್ಟಳು.

ಅಷ್ಟರಲ್ಲಿ ಆಯುಧಪೂಜೆ ಬಂತು. ಎಲ್ಲರೂ ಬಸ್ಸಿಗೆ, ಸೈಕಲ್ಲಿಗೆ, ಟ್ರ್ಯಾಕ್ಟರಿಗೆ ಪೂಜೆ ಮಾಡಿದರೆ ನಮ್ಮ ಮಾವ ಬಚ್ಚಲಿಗೆ ಮಾಡಿದ! ಕಂಬಿಗೆ ಚೆಂಡುಹೂವಿನ ಹಾರ, ಸೀಟಿಗೆ ವಿಭೂತಿ, ಹೊಸ್ತಿಲಿಗೆ ನಿಂಬೆಹಣ್ಣು. "ಯಾರೂ ಜಾರ್ಬಾರ್ದು, ಯಾರ ಕಣ್ಣೂ ಬೀಳ್ಬಾರ್ದು" ಅಂತ ಬೂದುಗುಂಬಳಕಾಯಿ ನಿವಾಳಿಸಿ ಬಾಗಿಲ ಮುಂದೆ ಒಡೆದ. ಒಡೆದು ಒಂದು ಹೆಜ್ಜೆ ಹಿಂದಿಟ್ಟ ನೋಡಿ, ಕುಂಬಳಕಾಯಿಯ ತಿರುಳಿನ ಮೇಲೆ ಕಾಲಿಟ್ಟು ಧೊಪ್ಪನೆ ಬಿದ್ದ!

ಜಗಲಿಯ ಮೇಲಿದ್ದ ಅತ್ತೆ ಎದೆ ಹಿಡಿದುಕೊಂಡಳು. ಜೀವಕ್ಕೇನೂ ಆಗಿಲ್ಲ ಅಂತ ಗೊತ್ತಾದ ಮೇಲೆ ಶುರುಮಾಡಿದಳು: "ಕಂಬಿ ಒಳಗದ, ನೀವು ಹೊರಗ ಬಿದ್ರಿ! ಪಕ್ಕದಲ್ಲೇ ಬಾಗ್ಲಿತ್ತಲ್ಲ, ಇಡ್ಕಳಕ ಏನಾಗಿತ್ತು?"

ಮಾವ ನೆಲದ ಮೇಲೇ ಮಲಗಿಕೊಂಡು ಅಂದ: "ಕಂಡಕ್ಟ್ರು ಇಡ್ಕಳಲ್ಲ!"

ಸೊಂಟಕ್ಕೆ ಅರಿಸಿನದ ಪಟ್ಟು ಹಾಕಿಸಿಕೊಂಡು ವಾರ ಮಲಗಿದ. ಜಂಬ ಮಾತ್ರ ಎದ್ದೇ ಕೂತಿತ್ತು.

ದೀಪಾವಳಿಯೂ ಬಂತು. ಹಿಂದಿನ ಸಂಜೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹಿಂಡಲೆಕಾಯಿ ಬಳ್ಳಿ ಸುತ್ತಿ ನೀರು ತುಂಬಿದೆವು. ಮಾವ ಕಂಬಿಗೂ ಒಂದು ಬಳ್ಳಿ ಸುತ್ತಿದ. ಬೆಳಿಗ್ಗೆ ಎದ್ದು ನಾನು ಅತ್ತೆಯ ತಲೆಗೆ ಎಣ್ಣೆ ಒತ್ತಿದೆ. ಬಕೆಟ್ಟು, ಚೊಂಬು, ಸೀಗೆಪುಡಿ, ಸೀರೆ ಎಲ್ಲ ಬಲಗೈಗೆ ಸಿಗುವ ಹಾಗೆ ಇಟ್ಟೆ. ಅತ್ತೆ ಬಾಗಿಲವರೆಗೆ ನಡೆದಳು. ನಿಂತಳು.

"ಚಿಲ್ಕ ಎಲ್ಲಿ?"

ಮಾವ ಅತ್ತ ಇತ್ತ ನೋಡಿದ. "ಚಿಲ್ಕ ಯಾಕ? ಬಾಗ್ಲು ಮುಂದ್ಕ ತಳ್ಳಿದ್ರ ಸಾಲ್ದಾ? ನಾನು ಇಲ್ಲೇ ನಿಂತಿರ್ತೀನಿ."

"ನೀವು ನಿಂತಿರ್ತೀರಿ ಅಂತಲೇ ಚಿಲ್ಕ ಬೇಕು!"

"ಒಳಗ ಬಿದ್ದೋದ್ರ? ನಾ ಹೆಂಗ ಬರ್ಲಿ ಒಳಕ? ಹೇಳು, ಹೆಂಗ ಬರ್ಲಿ?" ಮಾವನ ದನಿ ಜೋರಾಯಿತು. ತುಂಬಿದ ಬಸ್ಸಿನಲ್ಲೂ ರೇಗದವನು ಹೆಂಡತಿಯ ಮೇಲೆ ರೇಗಿದ.

ಅತ್ತೆ ರೇಗಲಿಲ್ಲ. "ಬೀಳ್ಬಾರ್ದು ಅಂತ ತಾನ ನೀವು ನಾಕು ತಿಂಗ್ಳು ಗ್ವಾಡ ತೂತು ಹೊಡ್ದದ್ದು? ನೀವು ಹಾಕಿದ್ ಕಂಬಿ ಮ್ಯಾಲ ನನ್ಗ ನಂಬ್ಕ ಅದ. ನಿಮ್ಗ ಇಲ್ವಾ?"

ಮಾವ ಒಳಗೆ ಹೋಗಿ ಗೂಟಕ್ಕೆ ನೇತುಹಾಕಿದ್ದ ತನ್ನ ಕಂಡಕ್ಟರ್ ಚೀಲ ತಂದ. ಅದರ ತಳದಿಂದ ಒಂದು ಬಟ್ಟೆಗಂಟು ಈಚೆ ತೆಗೆದ. ಬಿಚ್ಚಿದರೆ ಚಿಲಕ! ನಾಲ್ಕು ಸ್ಕ್ರೂ ಸಮೇತ! ಅತ್ತೆಯನ್ನು ಆಸ್ಪತ್ರೆಯಿಂದ ತಂದ ದಿನವೇ ತಾನೇ ಬಿಚ್ಚಿ ಬಚ್ಚಿಟ್ಟಿದ್ದ. ಊರಿಗೆಲ್ಲ ಧೈರ್ಯ ಹೇಳುತ್ತಿದ್ದ ನಮ್ಮ ಮಾವನಿಗೆ ಅಷ್ಟು ಹೆದರಿಕೆ ಇತ್ತು ಅಂತ ನನಗೆ ಗೊತ್ತಾದದ್ದು ಆಗಲೇ.

ಅವಳ ಬಲಗೈ ಎತ್ತರ ನೋಡಿ ಚಿಲಕ ಬಿಗಿದ. ಕೊನೆಯ ಸ್ಕ್ರೂ ತಿರುಗಿಸಲು ಅವನಿಗೆ ಎಷ್ಟು ಹೊತ್ತು ಬೇಕಾಯಿತು ಅಂದರೆ, ಹಂಡೆಯ ನೀರು ಆರಿ ನಾನು ಮತ್ತೆ ಸೌದೆ ಹಾಕಬೇಕಾಯಿತು. ಆಮೇಲೆ ಚೀಲದಿಂದ ತನ್ನ ವಿಷಲ್ ತೆಗೆದು ಅತ್ತೆಯ ಕೊರಳಿಗೆ ಹಾಕಿದ. "ಒಂದು ಊದಿದ್ರ ಹೋಲ್ಡಾನ್. ಬಾಗ್ಲು ಒಡ್ಕಂಡು ಬತ್ತೀನಿ. ಎರಡು ಊದಿದ್ರ ರೈಟ್."

ಅತ್ತೆ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ನಾನು ಬಾಗಿಲ ಹತ್ತಿರವೇ ಕೂತೆ. ಒಂದು ಚೊಂಬು ನೀರು ಬಿದ್ದ ಸದ್ದು. ಇನ್ನೊಂದು. ಆಮೇಲೆ ಏನೂ ಇಲ್ಲ. ಮತ್ತೆ ನೀರಿನ ಸದ್ದು. ತಿರುಗಿ ನೋಡಿದರೆ ಮಾವ ಇಲ್ಲ! ಎಲ್ಲಿ ಹೋದ ಈ ಮನುಷ್ಯ ಅಂತ ಮನೆಯ ಹಿಂದಿನ ಓಣಿಗೆ ಓಡಿದೆ.

ಅಲ್ಲಿದ್ದ. ಗೋಡೆಗೆ ಹಣೆ ಆನಿಸಿ, ಗೋಡೆಯಿಂದ ಈಚೆಗೆ ಬಂದಿದ್ದ ಎರಡು ಬೋಲ್ಟುಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದ, ನಮ್ಮ ಮಾವ! ನಾನು ಕರೆದರೂ ತಿರುಗಲಿಲ್ಲ. "ಸುಮ್ಕಿರಮ್ಮಿ," ಅಂದ. "ಈಗ ಏಳ್ತಾವ್ಳ."

ಎಷ್ಟು ಹೊತ್ತಾಯಿತೋ. ಒಳಗಿನಿಂದ ಪೀ... ಪೀ... ಅಂತ ಎರಡು ಸಲ ವಿಷಲ್ ಕೇಳಿಸಿತು. ಮಾವ "ರೈಟ್" ಅಂದ, ಗೋಡೆಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

ಚಿಲಕ ತೆಗೆದುಕೊಂಡು ಅತ್ತೆ ಹೊರಗೆ ಬಂದಾಗ ಸೀರೆ ಸೊಟ್ಟಪಟ್ಟ ಸುತ್ತಿತ್ತು, ಕೂದಲಿನಿಂದ ನೀರು ಸೋರುತ್ತಿತ್ತು, ಸೀಗೆಪುಡಿ ಕಿವಿಯಲ್ಲೇ ಉಳಿದಿತ್ತು. ಮುಖ ನೋಡಬೇಕಿತ್ತು ನೀವು! ಮಾವ ಓಣಿಯಿಂದ ಬಂದು, ಏನೂ ಆಗದವನ ಹಾಗೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅತ್ತೆ ಅವನನ್ನೇ ನೋಡಿದಳು.

"ಒಳಗ ಕಂಬಿ ನಡುಗ್ತಾನೇ ಇತ್ತು," ಅಂದಳು. "ಹಿಂದ್ಗಡ ಮನೆವ್ರು ಮತ್ತ ಕರ ಕಟ್ಟವ್ರೆ ಅನ್ಕಂಡೆ. ಕರ ಅಲ್ಲ. ನೀವು."