ಅಪ್ಪಯ್ಯನ ಅಕ್ಷರದ ಬಿಂದಿಗೆ

“ಅತ್ತಿಗೆ, ಇನ್ಮೇಲೆ ನಮ್ಮ ಮೂರೂ ಪಾತ್ರೆ ಅಂಗಡೀಲಿ ಒಂದು ಸಾಮಾನಿಗೆ ಒಂದೇ ಹೆಸರು!”

ವಿರೂಪಾಕ್ಷ ಯಂತ್ರದ ಮೇಲಿದ್ದ ಬಟ್ಟೆ ಸರಿಸಿದ. ಇಡ್ಲಿ ಪಾತ್ರೆಯ ನೆತ್ತಿಗೆ ರೇಡಿಯೋ ಕಡ್ಡಿ ನೆಟ್ಟಂತಿತ್ತು. ಕಮಲಾಕ್ಷಿ ಎರಡು ಹೆಜ್ಜೆ ಹಿಂದೆ ಸರಿದಳು. ಮೈದುನನ ಹಿಂದಿನ ಯಂತ್ರದ ಮಸಿ ಇನ್ನೂ ಸೂರಿನಲ್ಲಿತ್ತು.

ತೊಂದರೆಯೇನೋ ನಿಜವೇ. ತಿಪಟೂರಿನ ಪೇಟೆ ಬೀದಿಯ ಅಂಗಡಿಯಲ್ಲಿ ಬಿಂದಿಗೆಯಾದದ್ದು ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಕೊಡ, ಸಂತೆ ಮೈದಾನದಲ್ಲಿ ನೀರಿನ ಪಾತ್ರೆ. ಒಂದು ಕಡೆ ಕೊಡ ಮುಗಿಯಿತೆಂದು ಹೊಸದು ತರಿಸಿದರೆ, ಇನ್ನೊಂದು ಕಡೆ ಬಿಂದಿಗೆಗಳು ಸೂರು ಮುಟ್ಟುತ್ತಿದ್ದವು. ಮಾವ ಅಪ್ಪಯ್ಯ ಇದ್ದಾಗ ಎಲ್ಲವೂ ಅವರ ತಲೆಯಲ್ಲೇ ಇತ್ತು. ಗದ್ದಿಗೆಯ ಮೇಲೆ ಕೂತು, ಎಲೆಅಡಿಕೆ ಜಗಿಯುತ್ತಾ, ಮದುವೆ ಪಾತ್ರೆಗಳ ಮೇಲೆ ಉಳಿಯಿಂದ ಟಿಕಟಿಕ ಹೆಸರು ಕೊರೆಯುತ್ತಿದ್ದರು. ಊಟದ ಮನೆಗೆ ಎರವಲು ಹೋದ ಪಾತ್ರೆ ಹೆಸರಿದ್ದರೆ ತಾನೇ ಮನೆಗೆ ಮರಳುವುದು!

“ಇವತ್ತು ಬೇಡ ಕಣಪ್ಪ. ಸಂಜೆ ಗಂಗಾಂಬಿಕೆಯವರ ಮಗಳು ಚಿತ್ಕಲಾ ಮದುವೆ ಪಾತ್ರೆ ಹೋಗಬೇಕು. ಹೆಸರು ಕೊರೆದಾಗಿಲ್ಲ. ಅಪ್ಪಯ್ಯನ ಕಾಲದಿಂದ ಒಂದು ಮದುವೆಗೂ ಮಾತು ತಪ್ಪಿಲ್ಲ.”

“ಕೊರೆಯೋದೂ ಇದೇ ಮಾಡುತ್ತೆ!”

“ಮೂರು ಕಡೆ ಮೂರು ಥರ ಇದ್ರೆ, ಯಾವುದು ಸರಿ ಅಂತ ಇದಕ್ಕೆ ಹೆಂಗೆ ಗೊತ್ತಾಗುತ್ತೆ?”

“ಎಲ್ಲಕ್ಕಿಂತ ಹಳೇದೇ ನಿಜ ಅಂತ ಹೇಳ್ಕೊಟ್ಟಿದ್ದೀನಿ. ಉಕ್ಕು ಉಕ್ಕಿನ ಜೊತೆ ಮಾತಾಡುತ್ತೆ, ನೋಡ್ತಿರಿ!”

ಗುಂಡಿ ಒತ್ತಿದ. ಮೂರೂ ಅಂಗಡಿಯಿಂದ ತಂದಿಟ್ಟಿದ್ದ ಚೀಟಿಗಳ ಮೇಲಿನ ‘ಕೊಡ’ವೆಲ್ಲ ಕಣ್ಣೆದುರೇ ‘ಬಿಂದಿಗೆ’ಯಾಯಿತು. ಕಮಲಾಕ್ಷಿ ಚಪ್ಪಾಳೆ ತಟ್ಟುವಷ್ಟರಲ್ಲಿ ಸ್ಟೇಷನ್ ರಸ್ತೆ ಅಂಗಡಿಯ ಹುಡುಗನ ಫೋನು.

“ಅಕ್ಕೋರೇ! ಕೊಡಗಳೆಲ್ಲ ಒಂದ್ರೊಳಗೊಂದು ಕರಗಿ ಒಂದೇ ಕೊಡ ಆಗೋಯ್ತು! ನಾಕು ಜನ ಸೇರಿದ್ರೂ ಅಲ್ಲಾಡ್ತಿಲ್ಲ!”

“ಲೋ, ಬಿಡಿಸೋ!” ಕಮಲಾಕ್ಷಿ ಮೈದುನನತ್ತ ತಿರುಗಿ ಚೀರಿದಳು.

“ಹೆಸರು ಒಂದು ಮಾಡು ಅಂದ್ರೆ ಸಾಮಾನೇ ಒಂದು ಮಾಡಿದೆ, ಪೆದ್ದು!” ಎಂದು ಯಂತ್ರವನ್ನು ಗದರಿ, ವಿರೂಪಾಕ್ಷ ಇನ್ನೊಂದು ತಿರುಪು ತಿರುವಿದ. “ಸಾಮಾನು ಮುಟ್ಟಬೇಡ. ಕೊರೆದ ಹೆಸರು ಮಾತ್ರ ನೋಡು!”

ಕೊಡಗಳು ಧಡಧಡ ಬೇರೆಯಾದ ಸದ್ದು ಫೋನಿನಲ್ಲೇ ಕೇಳಿತು. ಆದರೆ ಇಲ್ಲಿ, ಮೂಲೆಯಲ್ಲಿದ್ದ ಕುಡಿಯುವ ನೀರಿನ ಬಿಂದಿಗೆ ಗುಂಯ್ ಎನ್ನತೊಡಗಿತು. ಕಮಲಾಕ್ಷಿಯ ಮದುವೆಗೆ ಅಪ್ಪಯ್ಯ ಕೊರೆದುಕೊಟ್ಟ ಬಿಂದಿಗೆ ಅದು. ಅಂಗಡಿಯಲ್ಲಿದ್ದ ಹೆಸರುಗಳಲ್ಲೆಲ್ಲ ಅದೇ ಹಳೆಯದು!

ಟಿಕಟಿಕ, ಟಿಕಟಿಕ! ತಟ್ಟೆ, ಲೋಟ, ಸೌಟು, ಚಿತ್ಕಲಾಳ ಪಾತ್ರೆಗಳು, ಎಲ್ಲದರ ಮೇಲೂ ಓರೆಯಾದ ಅದೇ ಅಕ್ಷರ ಮೂಡಿತು: ‘ಸೊಸೆ ಕಮಲಾಕ್ಷಿಗೆ, ಮಾವನ ಪ್ರೀತಿ.’

ಆ ಸದ್ದಿಗೆ ಕಮಲಾಕ್ಷಿಯ ಕಣ್ಣು ತುಂಬಿತು. ಎಷ್ಟು ವರ್ಷವಾಗಿತ್ತು ಅದನ್ನು ಕೇಳಿ! ಮರುಕ್ಷಣವೇ ಗಾಬರಿಯಾಯಿತು, ಬಾಗಿಲಲ್ಲಿ ಗಂಗಾಂಬಿಕೆ.

“ಏನ್ರೀ ಇದು! ನನ್ನ ಮಗಳ ಪಾತ್ರೆ ಮೇಲೆ ನಿಮ್ಮ ಹೆಸರಾ? ಮನೇಲಿರೋ ಹಳೇ ಪಾತ್ರೆಗೂ, ಊರವರ ಪಾತ್ರೆಗೂ ಅದೇ ಬಂದು ಕೂತಿದೆ!”

ಹಿಂದೆ ನಿಂತಿದ್ದ ಚಿತ್ಕಲಾ ಒಂದು ಚೊಂಬೆತ್ತಿ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಅಮ್ಮ, ಇದು ಅಂಗಡಿ ತಾತನ ಕೈಬರಹ. ಅಜ್ಜಿ ಚೊಂಬಿನ ಮೇಲೂ ಹಿಂಗೇ ಇತ್ತು. ಇರ್ಲಿ ಬಿಡು. ಅಕ್ಕ, ಇದರ ಕೆಳಗೆ ನನ್ನ ಹೆಸರೂ ಹಾಕ್ಕೊಡ್ತೀರಾ?”

ಕಮಲಾಕ್ಷಿ ಗದ್ದಿಗೆಯ ಅಡಿಯಿಂದ ಮಾವನ ಉಳಿ ತೆಗೆದಳು. ದೀಪ ಹಚ್ಚುವ ಹೊತ್ತಿಗೆ ಪಾತ್ರೆಗಳು ಮದುವೆ ಮನೆ ಸೇರಿದವು.

ಯಂತ್ರ ಈಗ ಅಟ್ಟದ ಮೇಲಿದೆ. ಊರಿನಲ್ಲಿ ಮಾತ್ರ, ಯಾರ ಮನೆಯ ಊಟದಲ್ಲಿ ಯಾರ ಪಾತ್ರೆ ಉಳಿದರೂ ಅದರ ಮೇಲಿನ ಹೆಸರು ಓದಿ ಪ್ರಾಮಾಣಿಕವಾಗಿ ಕಮಲಾಕ್ಷಿಯ ಬಾಗಿಲಿಗೇ ತಂದಿಟ್ಟು ಹೋಗುತ್ತಾರೆ. ತೊಳೆದು ತಂದವರು ಇದುವರೆಗೆ ಒಬ್ಬರೂ ಇಲ್ಲ.