ಕವಿತೆಗೆ ಬಂದ ಕೊಂಬು

ಬೆಳ್ತಂಗಡಿಯ ಗುಮಾಸ್ತ ನೋಣಯ್ಯನಿಗೆ ಬದುಕಿನಲ್ಲಿ ಯಾವ ಬೇಸರವೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಭಾನುವಾರ ಮಧ್ಯಾಹ್ನ ನಿದ್ದೆ, ತೋಡಾರಿನ ಸಂಕಪ್ಪನವರ ಮಗಳು ಪ್ರೇಮಾವತಿಯೊಂದಿಗೆ ಮದುವೆಯ ಮಾತುಕತೆ, ಎಲ್ಲವೂ ಸುಸೂತ್ರ. ಅಂಥವನಿಗೆ ನವ್ಯ ಕವಿಯಾಗುವ ಆಸೆ ಹುಟ್ಟಿದ್ದೇ ಎಡವಟ್ಟಾಯಿತು.

ಆಗ ವಾರಪತ್ರಿಕೆಗಳಲ್ಲಿ ಚಂದಿರ, ಕೋಗಿಲೆಗಳೆಲ್ಲ ರಜೆ ಹಾಕಿದ್ದವು. ಯಾವ ಪುಟ ತೆರೆದರೂ ಪಶ್ಚಾತ್ತಾಪ, ಪೋಲಾದ ಆಯುಷ್ಯ, ತಣ್ಣಗಾದ ಕಾಫಿ. ನೋಣಯ್ಯ ಬಿಸಿ ಕಾಫಿ ಹೀರುತ್ತಲೇ ಬರೆದು ಕಳಿಸಿದ:

‘ಕಾಲ ಕಳೆದುಕೊಂಡೆ ನಾನು,
ಬೆಂಚಿನ ಮೇಲೆ ಕೂತಲ್ಲೇ ಕಳೆದುಕೊಂಡೆ.’

ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು ಉದಾರಿ. ‘ಲ’ಕ್ಕೆ ಒಂದು ಕೊಂಬು ದಾನ ಮಾಡಿದ್ದ. ‘ಕಾಲು ಕಳೆದುಕೊಂಡೆ ನಾನು’ ಎಂದು ಅಚ್ಚಾಗಿ, ಕೆಳಗೆ ಹೆಸರು, ಊರು ಸಮೇತ ಬಂದೇಬಿಟ್ಟಿತು.

ಬೆಳಿಗ್ಗೆಯೇ ಬಾಡಿಗೆ ಮನೆಯ ಯಜಮಾನಿ ಕಾವೇರಮ್ಮ ಎಣ್ಣೆಯ ಬಾಟಲಿ ಹಿಡಿದು ಬಂದರು.

“ಯಾವ ಕಾಲು ಮಗಾ? ಎಡದ್ದಾ, ಬಲದ್ದಾ?”

“ಎರಡೂ ಉಂಟು ಕಾವೇರಮ್ಮ. ನೋಡಿ, ನಿಂತಿದ್ದೇನಲ್ಲ.”

“ಪೇಪರಿನವರು ಸುಮ್ಮನೆ ಹಾಕ್ತಾರಾ? ಪೆಟ್ಟಾದ ಕೂಡಲೇ ಗೊತ್ತಾಗುವುದಿಲ್ಲ.”

ಅವರ ಹಿಂದೆಯೇ ಕಚೇರಿಯ ಗೆಳೆಯ ರುಕ್ಮಯ್ಯ ಬಂದ. “ಸಂಕಪ್ಪಣ್ಣನಿಗೂ ಈ ಪೇಪರ್ ಬರ್ತದೆ ಮಾರಾಯ. ಆ ಸಂಬಂಧದ ಆಸೆ ಬಿಡು.”

ಪ್ರೇಮಾವತಿಯನ್ನು ನೋಣಯ್ಯ ನೋಡಿದ್ದು ಒಂದೇ ಸಲ. ಆದರೂ ಅವಳಿಲ್ಲದೆ ಬದುಕಲಾರೆ ಅನ್ನಿಸಿತು. ರಜೆ ಬರೆದುಕೊಟ್ಟು ಮೂಡುಬಿದಿರೆಯ ಬಸ್ಸು ಹಿಡಿದ.

ಕಾವೇರಮ್ಮ ಅಲ್ಲಿಗೂ ಬಂದು ಕಂಡಕ್ಟರನ ಕಿವಿಯಲ್ಲಿ ಊದಿಬಿಟ್ಟಿದ್ದರು. ನೋಣಯ್ಯ ಹತ್ತಿದ್ದೇ ತಡ, ಮುಂದಿನ ಸೀಟಿನವರೆಲ್ಲ ಎದ್ದು ನಿಂತರು. ಬೇಡವೆಂದು ಅವನು ಪಂಚೆ ಎತ್ತಿ ಎರಡೂ ಕಾಲು ತೋರಿಸಿದ.

“ಮರದ್ದಾ? ಗೊತ್ತೇ ಆಗುವುದಿಲ್ಲ,” ಎಂದ ಕಂಡಕ್ಟರ್.

ಪಕ್ಕದ ಮುದುಕರೊಬ್ಬರು ಬಗ್ಗಿ ಮೀನಖಂಡಕ್ಕೆ ಚಿವುಟಿದರು. ನೋಣಯ್ಯ ಅಯ್ಯಯ್ಯೋ ಎಂದ. “ಎಂಥಾ ಕೆಲಸ ನೋಡಿ,” ಮುದುಕರು ತಲೆದೂಗಿದರು, “ನೋವು ಕೂಡ ಆಗ್ತದೆ.”

ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ ತೋಡಾರಿನಲ್ಲಿ ಇಳಿದವನು ಸಂಕಪ್ಪನವರ ಅಂಗಳಕ್ಕೆ ಹೋಗಿ ಎರಡು ಸುತ್ತು ಓಡಿಯೇಬಿಟ್ಟ. ಚಾವಡಿಯಲ್ಲಿ ಕೂತಿದ್ದ ಸಂಕಪ್ಪ ಕನ್ನಡಕ ಸರಿಪಡಿಸಿಕೊಂಡರು.

“ಎಂತ ಓಡುವುದು? ನಾಯಿ ಅಟ್ಟಿಸಿತಾ?”

“ಇಲ್ಲ, ಕಾಲು ತೋರಿಸ್ಲಿಕ್ಕೆ. ಎರಡೂ ಸರಿ ಉಂಟು.”

“ಉಂಟಾ?” ಸಂಕಪ್ಪನವರ ಮುಖ ಸಣ್ಣದಾಯಿತು. “ಛೆ. ನಾವು ಒಪ್ಪಿ ಆಗಿತ್ತು. ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಹಿರಿಯ ಅಳಿಯಂದಿರಿಬ್ಬರನ್ನೂ ಕೂರಿಸಿ ನೋಡಿದೆ. ಇಬ್ಬರೂ ಎದ್ದು ಹೋದರು. ಕಾಲಿಲ್ಲದವರಾದರೆ ಕೂತಲ್ಲೇ ಕೂತಾರು ಅಂತ ಇತ್ತು.”

“ನಾನೂ ಕೂರ್ತೇನೆ,” ನೋಣಯ್ಯ ಗಡಿಬಿಡಿಯಲ್ಲಿ ಹೇಳಿದ. “ಅದು ಅಚ್ಚಿನ ತಪ್ಪು. ಕಾಲು ಅಲ್ಲ, ಕಾಲ. ಸಮಯ ಹಾಳು ಮಾಡಿದೆ ಅಂತ ಅರ್ಥ.”

ಸಂಕಪ್ಪ ಪತ್ರಿಕೆ ತೆಗೆದು, ಕೊಂಬಿನ ಮೇಲೆ ಬೆರಳಿಟ್ಟು, ಮತ್ತೊಮ್ಮೆ ಓದಿದರು.

“ಬೆಂಚಿನ ಮೇಲೆ ಕೂತು ಸಮಯ ಹಾಳು ಮಾಡಿದ್ದಾ? ಕೆಲಸ ಮಾಡದೆ?”

“ನಿಜವಾಗಿ ಅಲ್ಲ. ನವ್ಯ ಕಾವ್ಯದಲ್ಲಿ ಹಾಗೆ ಬರೆಯುವುದು ಕ್ರಮ.”

“ಹಾಗಾದರೆ ಸುಳ್ಳಾ?”

ನೋಣಯ್ಯ ಹೌದೆಂದು ತಲೆಯಾಡಿಸಿದ.

“ಕಾಲು ಹೋದವರಿಗೆ ಹೆಣ್ಣು ಕೊಡ್ಬಹುದು. ಅದು ಅವರ ತಪ್ಪಲ್ಲ,” ಎಂದು ಸಂಕಪ್ಪ ಪತ್ರಿಕೆ ಮಡಚಿ ಒಳಕ್ಕೆ ಕೂಗಿದರು. “ಪ್ರೇಮಾ, ಈ ಸಂಬಂಧ ಬೇಡ. ಇವರಿಗೆ ಕಾಲು ಉಂಟಂತೆ.”

“ಎರಡೂ ಉಂಟಾ?” ಎಂದು ಒಳಗಿನಿಂದ ಪ್ರೇಮಾವತಿ ಕೇಳಿದಳು. ಆ ದನಿಯಲ್ಲಿದ್ದಷ್ಟು ವಿಷಾದ ನೋಣಯ್ಯನ ಕವಿತೆಯಲ್ಲಿ ಎಲ್ಲಿಯೂ ಇರಲಿಲ್ಲ.