ನಾಲಿಗೆ ಕೆರೆಯುವ ಸದ್ದು

ಮನುಷ್ಯನಿಗೆ ತಾನು ಮಾಡುವ ಸದ್ದು ತನಗೇ ಕೇಳಿಸುವುದಿಲ್ಲ. ಗೊರಕೆ ಹೊಡೆಯುವವರನ್ನು ಕೇಳಿ ನೋಡಿ, ರಾತ್ರಿಯೆಲ್ಲ ಕಣ್ಣೇ ಮುಚ್ಚಲಿಲ್ಲ ಎನ್ನುತ್ತಾರೆ. ನನ್ನದು ಗೊರಕೆಯಲ್ಲ, ಬೆಳಗಿನ ಮುಖಮಾರ್ಜನ. ಆರು ಗಂಟೆಗೆ ಸರಿಯಾಗಿ ಹಿತ್ತಲ ನಲ್ಲಿಯ ಮುಂದೆ ನಿಂತು, ತಾಮ್ರದ ಪಟ್ಟಿಯಿಂದ ನಾಲಿಗೆ ಕೆರೆದು, ಕರುಳೇ ಹೊರಗೆ ಬಂದುಬಿಡುತ್ತದೇನೋ ಎನ್ನುವಂತೆ ಕ್ಯಾಕರಿಸದಿದ್ದರೆ ನನಗೆ ಕಾಫಿ ರುಚಿಸುವುದಿಲ್ಲ. ನಮ್ಮ ತಂದೆಯೂ ಹೀಗೆಯೇ ಮಾಡುತ್ತಿದ್ದರು; ನನಗೆ ಬಂದ ಪಿತ್ರಾರ್ಜಿತ ಆಸ್ತಿ ಇದೊಂದೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ಪಳಗಿದ ಗಂಟಲು ಬೇರೆ. ಹೆಂಡತಿ ಮೊದಮೊದಲು ಮರ್ಯಾದೆ ಹೋಗುತ್ತದೆಂದು ಗೊಣಗಿ, ಆಮೇಲೆ ಆ ಹೊತ್ತಿಗೆ ಸರಿಯಾಗಿ ರೇಡಿಯೋ ಜೋರು ಮಾಡುವುದನ್ನು ಕಲಿತಳು.

ಅವಳು ಸಹಿಸಿದರೂ ಪಕ್ಕದ ಮನೆಯ ಶ್ರೀಕಂಠಯ್ಯನವರು ಸಹಿಸಲಿಲ್ಲ. ಚಾಮರಾಜಪೇಟೆಯ ನಮ್ಮ ಕ್ರಾಸಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಯೆತ್ತರದ ಒಂದು ಗೋಡೆ, ಅಷ್ಟೆ. ಅವರು ಖಜಾನೆ ಕಚೇರಿಯಿಂದ ನಿವೃತ್ತರಾದವರು, ತಾವು ಸೀನಿದರೂ ಸುತ್ತ ನೋಡಿ ಸಂಕೋಚಪಡುವ ಮನುಷ್ಯ. ನಾನು ಶುರು ಮಾಡಿದ ಕೂಡಲೇ ದೇವರ ಕೋಣೆಯಿಂದ ಎದ್ದು ಬಂದು, ಗೋಡೆಯಾಚೆಯಿಂದ "ಸಾಕು ನಿಲ್ಸ್ರೀ ಮೇಷ್ಟ್ರೇ" ಎನ್ನುತ್ತಿದ್ದರು. ನಾನು ಹಟಕ್ಕೆ ಇನ್ನೆರಡು ಸಲ ಹೆಚ್ಚಿಗೆ ಮಾಡುತ್ತಿದ್ದೆ. ಇದೇ ವಿಷಯಕ್ಕೆ ಒಂದು ವರ್ಷ ಯುಗಾದಿಯಿಂದ ದೀಪಾವಳಿಯವರೆಗೆ ಮಾತು ಬಿಟ್ಟಿದ್ದೂ ಉಂಟು.

ತೊಂಬತ್ತರ ದಶಕದ ಕೊನೆಯಲ್ಲಿ, ಹೆಂಡತಿ ಮೈಸೂರಿನ ತಂಗಿಯ ಮನೆಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದವನು ಹೊಸ್ತಿಲಲ್ಲೇ ಕುಸಿದುಬಿದ್ದೆ. ಎದೆಯ ಮೇಲೆ ಗುಂಡುಕಲ್ಲು ಇಟ್ಟ ಹಾಗೆ ನೋವು. ಕೂಗಲು ದನಿಯೇ ಇಲ್ಲ. ಆರೂ ಕಾಲಾದರೂ ನನ್ನ ಸದ್ದು ಬರಲಿಲ್ಲವೆಂದು ಶ್ರೀಕಂಠಯ್ಯನವರಿಗೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲವಂತೆ. ಎದ್ದು ಬಂದು ಗೋಡೆಯ ಮೇಲಿಂದ ಇಣುಕಿದಾಗ ನನ್ನ ಕಾಲು ಕಂಡಿತು. ಎಪ್ಪತ್ತರ ಹತ್ತಿರದ ಆ ಮನುಷ್ಯ ಮಡಿಪಂಚೆಯಲ್ಲೇ ಗೋಡೆ ಹತ್ತಿ, ಮೊಣಕಾಲು ತರಚಿಕೊಂಡು, ಈಚೆಗೆ ಧುಮುಕಿದರು. ಆಟೋದಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಸೇರಿಸಿದರು. ಹೆಂಡತಿ ಬರುವವರೆಗೂ ಅದೇ ಪಂಚೆಯಲ್ಲಿ ಬೆಂಚಿನ ಮೇಲೆ ಕೂತಿದ್ದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಆಮೇಲೆ ಹೇಳಿದರು.

ಮನೆಗೆ ಬಂದ ಮೇಲೆ ನನಗೇ ನಾಚಿಕೆಯಾಗಿ, ಸದ್ದಿಲ್ಲದೆ ಬಾಯಿ ಮುಕ್ಕಳಿಸತೊಡಗಿದೆ. ಎರಡನೆಯ ದಿನವೇ ಅವರು ಗೋಡೆಯ ಬಳಿ ಬಂದರು.

"ಹೀಗೆ ಕಳ್ಳನ ಥರ ಮುಖ ತೊಳೆದ್ರೆ ನೀವು ಇದೀರೋ ಇಲ್ವೋ ನನಗೆ ಹೇಗ್ರೀ ಗೊತ್ತಾಗತ್ತೆ? ಜೋರಾಗೇ ಮಾಡಿ. ಬೈಯೋದು ನಾನು ಬೈತೀನಿ."

ಹಾಗೆಯೇ ಆರು ವರ್ಷ ನಡೆಯಿತು. ನಾನು ಕ್ಯಾಕರಿಸುವುದು, ಅವರು ಬೈಯುವುದು, ಇಬ್ಬರೂ ಇದ್ದೇವೆ ಎಂದು ಖಾತ್ರಿ ಮಾಡಿಕೊಂಡು ಕಾಫಿಗೆ ಹೋಗುವುದು.

ಒಂದು ಬೆಳಿಗ್ಗೆ ಆ ಕಡೆಯಿಂದ ಮಾತು ಬರಲಿಲ್ಲ. ಈಗ ನನ್ನ ದಡ್ಡತನವನ್ನು ಹೇಳಿಬಿಡುತ್ತೇನೆ: ನಾನು ಗೆದ್ದೆ ಎಂದುಕೊಂಡೆ. ಕೊನೆಗೂ ಸುಸ್ತಾದರು ಎಂದು ಹೆಂಡತಿಗೆ ಹೇಳಿ ನಕ್ಕು, ಕಾಫಿ ಕುಡಿದು, ಪೇಪರು ಹಿಡಿದು ಕೂತೆ. ಏಳು ಗಂಟೆಗೆ ಅವರ ಹೆಂಡತಿ ರುಕ್ಮಿಣಮ್ಮನವರು ಅಳುವುದು ಕೇಳಿಸಿತು. ದೇವರ ಮುಂದೆ ಕೂತಲ್ಲೇ, ಗೋಡೆಗೆ ಒರಗಿ, ಹೋಗಿಬಿಟ್ಟಿದ್ದರು. ಜಪದಲ್ಲಿದ್ದಾರೆಂದು ಆಕೆಯೂ ಕರೆದಿರಲಿಲ್ಲ. ತಕ್ಷಣ ನೋಡಿದ್ದರೂ ಏನೂ ಮಾಡುವಂತಿರಲಿಲ್ಲ ಎಂದರು ಡಾಕ್ಟರು. ಇರಬಹುದು. ಆದರೆ ನನಗಾಗಿ ಅವರು ಕಾಲು ಗಂಟೆಗೇ ಗೋಡೆ ಹಾರಿದರು. ನಾನು ಒಂದು ಗಂಟೆ ಪೇಪರು ಓದಿದೆ. ಇದನ್ನು ರುಕ್ಮಿಣಮ್ಮನವರಿಗೆ ಇವತ್ತಿಗೂ ಹೇಳಿಲ್ಲ, ಹೇಳುವ ಧೈರ್ಯ ನನಗಿಲ್ಲ.

ಹದಿಮೂರು ದಿನ ಕಳೆಯುವವರೆಗೆ ಹಿತ್ತಲಿಗೇ ಹೋಗದೆ ಬಚ್ಚಲಲ್ಲಿ ಮುಖ ತೊಳೆದೆ. ಮರುದಿನ ರುಕ್ಮಿಣಮ್ಮನವರು ಗೋಡೆಯ ಬಳಿ ನಿಂತು, "ನೀವೂ ಸುಮ್ಮನಾಗ್ಬಿಟ್ರೆ ನಮ್ಮನೇಲಿ ಬೆಳಗಾಗಿದ್ದೇ ಗೊತ್ತಾಗಲ್ಲ ಮೇಷ್ಟ್ರೇ" ಎಂದರು. ಸರಿ, ಮಾರನೆಯ ಬೆಳಿಗ್ಗೆ ಆರಕ್ಕೆ ನಲ್ಲಿಯ ಮುಂದೆ ನಿಂತು ಶುರು ಮಾಡಿದೆ. ಆಮೇಲೆ ಗೊತ್ತಾಯಿತು, ಎಲ್ಲಿ ನಿಲ್ಲಿಸಬೇಕೆಂದು ಇಷ್ಟು ವರ್ಷವಾದರೂ ನಾನು ಕಲಿತೇ ಇರಲಿಲ್ಲ. ಅದು ಅವರ ಕೆಲಸವಾಗಿತ್ತು. ಒಂದೇ ಸಮನೆ ಕ್ಯಾಕರಿಸುತ್ತಾ ಹೋದೆ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಅದು ಗಂಟಲ ಉರಿಗೇ ಎಂದು ಹೆಂಡತಿಗೆ ಹೇಳಿದ್ದೇನೆ. ಕಡೆಗೆ ನಾನೇ ಗೋಡೆಯ ಕಡೆ ತಿರುಗಿ, "ಸಾಕು ನಿಲ್ಸ್ರೀ ಮೇಷ್ಟ್ರೇ" ಎಂದು ಮೆಲ್ಲಗೆ ಹೇಳಿಕೊಂಡು ಒಳಗೆ ಬಂದೆ.